ವಸಡು ಸರಿದರೆ ಕಸಿ ಬೇಕಾ? ಬೇಕಾದರೆ ಯಾವ ಕಸಿ?

ಒಂದು ದಿನ ಕನ್ನಡಿ ಮುಂದೆ ನಿಂತಾಗ ನನ್ನ ಮೇಲಿನ ಕೋರೆಹಲ್ಲು ಯಾಕೋ ಉದ್ದ ಕಾಣಿಸಿತು. ಹಲ್ಲು ಬೆಳೆದಿರಲಿಲ್ಲ, ವಸಡು ಮೇಲಕ್ಕೆ ಸರಿದಿತ್ತು. ತಣ್ಣೀರು ತಾಗಿದರೆ ಜುಮ್ ಅನ್ನುತ್ತಿತ್ತು. ಮೂವರು ಡಾಕ್ಟರಿಗೆ ತೋರಿಸಿದೆ. ಒಬ್ಬರು ಅಂಗುಳದಿಂದ ಚೂರು ತೆಗೆದು ಕಸಿ ಮಾಡೋಣ ಅಂದರು. ಇನ್ನೊಬ್ಬರು ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕಿದರೆ ಸಾಕು ಅಂದರು. ಮೂರನೆಯವರು ಕೈಗೆ ಬ್ರಷ್ ಕೊಟ್ಟು, "ಎಲ್ಲಿ, ನೀವು ಹೇಗೆ ಉಜ್ಜುತ್ತೀರಿ ತೋರಿಸಿ" ಅಂದರು.

ಮೂರು ಬಾಯಲ್ಲಿ ಮೂರು ಮಾತು ಕೇಳಿ ತಲೆ ಕೆಟ್ಟಿತ್ತು. ಯಾರೋ ಇಬ್ಬರು ಸುಳ್ಳು ಹೇಳುತ್ತಿದ್ದಾರೆ ಅಂತಲೇ ಅಂದುಕೊಂಡೆ. ಆಮೇಲೆ ತಿಳಿಯಿತು, ಮೂವರೂ ಬೇರೆ ಬೇರೆ ಪ್ರಶ್ನೆಗೆ ಉತ್ತರ ಕೊಟ್ಟಿದ್ದರು. ಮೊದಲನೆಯವರ ಕಣ್ಣು ಬೇರು ಮುಚ್ಚುವುದರ ಮೇಲಿತ್ತು. ಎರಡನೆಯವರದು ಜುಮ್ಮೆನ್ನುವುದನ್ನು ನಿಲ್ಲಿಸುವುದರ ಮೇಲೆ. ಮೂರನೆಯವರದು ವಸಡು ಸರಿದದ್ದಾದರೂ ಯಾಕೆ ಅನ್ನುವುದರ ಮೇಲೆ. ಹಾಗಾಗಿ ಯಾವ ಕಸಿ ಒಳ್ಳೆಯದು ಅಂತ ಹುಡುಕುವ ಮೊದಲು, ನಮಗೆ ಆಗಬೇಕಾದ್ದೇನು ಅನ್ನುವುದನ್ನು ನಾವೇ ತೀರ್ಮಾನಿಸಿಕೊಳ್ಳಬೇಕು. ನಾನು ಡಾಕ್ಟರಲ್ಲ. ಒಂದು ಹಲ್ಲಿಗೆ ಕಸಿ ಮಾಡಿಸಿಕೊಂಡವನು, ಮಾಡಿಸುವ ಮುಂಚೆ ಜಾಸ್ತಿಯೇ ಓದಿದವನು, ಅಷ್ಟೇ.

ಸುಮ್ಮನಿದ್ದರೆ ಆಗಲ್ವಾ?

ಆಗುತ್ತದೆ, ಎಷ್ಟೋ ಸಲ. ವಸಡು ಒಂದೋ ಎರಡೋ ಮಿಲಿಮೀಟರ್ ಸರಿದಿದೆ, ನೋವಿಲ್ಲ, ಜುಮ್ ಅನ್ನುವುದಿಲ್ಲ, ನಕ್ಕಾಗ ಕಾಣುವುದೂ ಇಲ್ಲ ಅಂದರೆ ಸುಮ್ಮನೆ ಕಾಯುವುದೂ ಒಂದು ಚಿಕಿತ್ಸೆಯೇ. ಆದರೆ ಕಾಯುವುದು ಅಂದರೆ ಮರೆತುಬಿಡುವುದಲ್ಲ. ಡಾಕ್ಟರು ಮಿಲಿಮೀಟರ್ ಗುರುತಿರುವ ಸಣ್ಣ ಕಡ್ಡಿಯಲ್ಲಿ ಅಳೆದು ಬರೆದಿಡಬೇಕು, ಫೋಟೋ ತೆಗೆದಿಡಬೇಕು, ಆರು ತಿಂಗಳಿಗೋ ವರ್ಷಕ್ಕೋ ಮತ್ತೆ ಅಳೆಯಬೇಕು. ಅಳತೆ ಇಲ್ಲದಿದ್ದರೆ "ಜಾಸ್ತಿ ಆದ ಹಾಗಿದೆ" ಅನ್ನುವ ಹೆದರಿಕೆ ಒಂದೇ ಉಳಿಯುತ್ತದೆ. ಹಾಗೇ ಬಿಟ್ಟ ಹಲ್ಲುಗಳಲ್ಲಿ ವಸಡು ವರ್ಷಗಳು ಉರುಳಿದಂತೆ ನಿಧಾನವಾಗಿ ಇನ್ನಷ್ಟು ಸರಿಯುವುದೇ ಹೆಚ್ಚು ಅನ್ನುವುದೂ ನಿಜ. ಅದಕ್ಕೇ ಅಳತೆ.

ಇಷ್ಟಂತೂ ಖಚಿತ: ಸರಿದ ವಸಡನ್ನು ವಾಪಸ್ ಬೆಳೆಸುವ ಪೇಸ್ಟ್ ಇಲ್ಲ, ಎಣ್ಣೆ ಇಲ್ಲ, ಮಾತ್ರೆ ಇಲ್ಲ. ವಸಡು ನಿಂತಿರುವುದು ಅದರ ಹಿಂದಿನ ಮೂಳೆಯ ಆಸರೆಯಲ್ಲಿ. ಹಲ್ಲಿನ ಹೊರಗಡೆ ಆ ಮೂಳೆ ಮೊದಲೇ ಕಾಗದದಷ್ಟು ತೆಳ್ಳಗಿರುತ್ತದೆ, ಕೆಲವರಿಗೆ ಅಲ್ಲಲ್ಲಿ ಇರುವುದೇ ಇಲ್ಲ. ಅಂಥ ಕಡೆ ವಸಡೂ ತೆಳ್ಳಗಿದ್ದು, ಮೇಲೆ ಗಡಸು ಬ್ರಷ್ಷಿನಿಂದ ದಿನಾ ತಿಕ್ಕಿದರೆ ಅದು ಸರಿಯದೆ ಇನ್ನೇನು ಮಾಡೀತು? ಚಿಕ್ಕ ಮಕ್ಕಳ ಕೆಳಗಿನ ಮುಂಹಲ್ಲಿನ ವಿಷಯ ಮಾತ್ರ ಬೇರೆ. ಅಲ್ಲಿ ಸ್ವಲ್ಪ ಸರಿದದ್ದು, ದವಡೆ ಬೆಳೆಯುತ್ತಾ ತಾನಾಗೇ ಸರಿಹೋಗುವುದುಂಟು.

ವಸಡು ಸರಿಯಲು ಎರಡು ದೊಡ್ಡ ದಾರಿಗಳಿವೆ. ಒಂದು, ಅತಿಯಾಗಿ ಉಜ್ಜುವುದು. ಇದು ಬಾಯಿಯನ್ನು ತುಂಬಾ ಚೊಕ್ಕಟವಾಗಿ ಇಟ್ಟುಕೊಳ್ಳುವವರಿಗೇ ಬರುವ ತೊಂದರೆ, ಅದೂ ಹೆಚ್ಚಾಗಿ ಕೋರೆಹಲ್ಲು ಮತ್ತು ಅದರ ಪಕ್ಕದ ಸಣ್ಣ ದವಡೆಹಲ್ಲುಗಳ ಹೊರಬದಿಯಲ್ಲಿ. ಇನ್ನೊಂದು, ಪಾಚಿ, ಕಿಟ್ಟ ಕಟ್ಟಿ ಬರುವ ವಸಡಿನ ರೋಗ. ಇದರಲ್ಲಿ ವಸಡಿನ ಜೊತೆಗೆ ಹಲ್ಲುಗಳ ನಡುವಿನ ಮೂಳೆಯೂ ಕರಗುತ್ತದೆ. ಮೊದಲನೆಯದರಲ್ಲಿ ಕಸಿ ಚೆನ್ನಾಗಿ ಹಿಡಿಯುತ್ತದೆ. ಎರಡನೆಯದರಲ್ಲಿ ಮೊದಲು ರೋಗ ನಿಲ್ಲಬೇಕು. ಅಲ್ಲಿವರೆಗೆ ಕಸಿಯ ಮಾತೇ ಇಲ್ಲ. ಇವೆರಡರ ಜೊತೆ ಸಾಲಿನಿಂದ ಹೊರಗೆ ಬಂದ ಹಲ್ಲು, ಹಲ್ಲಿಗೆ ಹಾಕಿದ ಕ್ಲಿಪ್, ತುಟಿಗೆ ಚುಚ್ಚಿಸಿದ ಆಭರಣ, ಬಾಯಲ್ಲಿ ಇಟ್ಟುಕೊಳ್ಳುವ ತಂಬಾಕು ಇವೂ ಕಾರಣವಾಗುತ್ತವೆ. ಕಾರಣ ಹಾಗೇ ಇದ್ದರೆ ಕಸಿ ಮಾಡಿದ ವಸಡೂ ಹಾಗೇ ಸರಿಯುತ್ತದೆ. ನನಗೆ ಬ್ರಷ್ ಕೊಟ್ಟ ಆ ಮೂರನೆಯ ಡಾಕ್ಟರ ಮೇಲೆ ಆ ದಿನ ಸಿಟ್ಟು ಬಂದಿತ್ತು. ಈಗ ಇಲ್ಲ.

ಮುಚ್ಚಬೇಕಾ, ಗಟ್ಟಿ ಮಾಡಬೇಕಾ?

ಕಸಿ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಬೇರು ಮುಚ್ಚುವುದು. ಆದರೆ ಕಸಿಗೆ ಎರಡು ಕೆಲಸಗಳಿವೆ. ಒಂದು, ಬರಿದಾದ ಬೇರನ್ನು ಮುಚ್ಚುವುದು. ಇನ್ನೊಂದು, ಹಲ್ಲಿನ ಸುತ್ತ ಗಟ್ಟಿ ವಸಡು ಇಲ್ಲದ ಕಡೆ ಅದನ್ನು ತಂದು ಕೂರಿಸುವುದು. ತುಟಿಯನ್ನು ಮೆಲ್ಲಗೆ ಎಳೆದು ನೋಡಿ. ಹಲ್ಲಿನ ಅಂಚಿನಲ್ಲಿ ತಿಳಿಗುಲಾಬಿ ಬಣ್ಣದ, ಅಲುಗಾಡದ ಪಟ್ಟಿ ಇದೆ, ಅದಾದ ಮೇಲೆ ಕೆಂಪಗಿನ, ಮೆತ್ತಗಿನ, ಎಳೆದರೆ ಬರುವ ಚರ್ಮ ಇದೆ. ಆ ಗುಲಾಬಿ ಪಟ್ಟಿಯೇ ಗಟ್ಟಿ ವಸಡು. ಅದು ಪೂರ್ತಿ ಹೋಗಿ ಮೆತ್ತಗಿನ ಚರ್ಮವೇ ಹಲ್ಲಿಗೆ ತಾಗಿಕೊಂಡಿದ್ದರೆ ಬ್ರಷ್ ಮುಟ್ಟಿದರೆ ನೋವು. ನೋವು ಅಂತ ಬ್ರಷ್ ಮಾಡದಿದ್ದರೆ ಪಾಚಿ. ಪಾಚಿ ಕಟ್ಟಿದರೆ ವಸಡು ಇನ್ನೂ ಸರಿಯುತ್ತದೆ.

ಗಟ್ಟಿ ವಸಡು ಎಷ್ಟಿರಬೇಕು? 1972ರಲ್ಲಿ ಲ್ಯಾಂಗ್ ಮತ್ತು ಲೋ ಎಂಬ ಇಬ್ಬರು ಸಂಶೋಧಕರು ಕನಿಷ್ಠ 2 ಮಿಲಿಮೀಟರ್ ಅಂದರು. ಆಮೇಲಿನವರು, ಚೆನ್ನಾಗಿ ಉಜ್ಜುವವರಿಗೆ ಅದಕ್ಕಿಂತ ಕಡಿಮೆ ಇದ್ದರೂ ನಡೆಯುತ್ತದೆ ಅಂತ ತೋರಿಸಿದರು. ಅಂದರೆ ಬರೀ 1 ಮಿಲಿಮೀಟರ್ ಇದೆ ಅನ್ನುವ ಕಾರಣಕ್ಕೇ ಯಾರೂ ನಿಮ್ಮನ್ನು ಕಸಿಗೆ ಹೊರಡಿಸಬೇಕಿಲ್ಲ.

ಇನ್ನು ಬೇರು ಎಷ್ಟು ಮುಚ್ಚೀತು ಅನ್ನುವುದು. ಇದನ್ನು ನಿರ್ಧರಿಸುವುದು ಡಾಕ್ಟರ ಕೈಚಳಕ ಒಂದೇ ಅಲ್ಲ, ಹಲ್ಲುಗಳ ನಡುವಿನ ಮೂಳೆ ಕೂಡ. 1985ರಲ್ಲಿ ಮಿಲ್ಲರ್ ಎಂಬುವರು ಇದನ್ನು ನಾಲ್ಕು ದರ್ಜೆಯಾಗಿ ವಿಂಗಡಿಸಿದರು. 2011ರಲ್ಲಿ ಕೈರೋ ಎಂಬುವರು ಮೂರಕ್ಕೆ ಇಳಿಸಿದರು. ಹಲ್ಲುಗಳ ಮಧ್ಯದ ಆಸರೆ ಪೂರ್ತಿ ಉಳಿದಿದ್ದರೆ ಮೊದಲ ಬಗೆ. ಇಲ್ಲಿ ಬೇರು ಪೂರ್ತಿ ಮುಚ್ಚುವ ಆಸೆ ಇಟ್ಟುಕೊಳ್ಳಬಹುದು. ಮಧ್ಯದಲ್ಲೂ ಸ್ವಲ್ಪ ಹೋಗಿದೆ, ಆದರೆ ಹೊರಬದಿಯಲ್ಲಿ ಹೋದದ್ದಕ್ಕಿಂತ ಜಾಸ್ತಿ ಏನಲ್ಲ ಅಂದರೆ ಎರಡನೆಯದು. ಹೆಚ್ಚಿನವರಿಗೆ ಒಂದಷ್ಟು ಮುಚ್ಚುತ್ತದೆ. ಹೊರಬದಿಗಿಂತ ಮಧ್ಯದಲ್ಲೇ ಜಾಸ್ತಿ ಹೋಗಿದ್ದರೆ ಮೂರನೆಯದು. ಅಲ್ಲಿ ಪೂರ್ತಿ ಮುಚ್ಚುತ್ತೇನೆ ಅಂತ ಯಾರಾದರೂ ಮಾತು ಕೊಟ್ಟರೆ ಎದ್ದು ಬನ್ನಿ. ಹಲ್ಲುಗಳ ನಡುವೆ ವಸಡಿನ ತುದಿ ಹೋಗಿ ಕಪ್ಪು ತ್ರಿಕೋನ ಕಾಣುತ್ತಿದ್ದರೆ ನೀವು ಮೊದಲ ಗುಂಪಿನವರಲ್ಲ ಅನ್ನುವ ಸುಳಿವು ಅದು.

ಫಿಲ್ಲಿಂಗಾ, ಕಸಿಯಾ?

ಜುಮ್ ಅನ್ನುವುದೊಂದೇ ತೊಂದರೆ ಆಗಿದ್ದರೆ ಮೊದಲು ಪೇಸ್ಟ್ ಬದಲಾಯಿಸಿ. 5% ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟನ್ನು ಕೆಲವು ವಾರ ಬಿಡದೆ ಬಳಸಬೇಕು, ಎರಡೇ ದಿನಕ್ಕೆ ಕೈಬಿಡಬೇಡಿ. ಅದಕ್ಕೂ ಬಗ್ಗದಿದ್ದರೆ ಕ್ಲಿನಿಕ್ಕಿನಲ್ಲಿ ಫ್ಲೋರೈಡ್ ಲೇಪ ಹಚ್ಚುತ್ತಾರೆ. ಎಷ್ಟೋ ಜನರ ಕಥೆ ಇಲ್ಲಿಗೇ ಮುಗಿಯುತ್ತದೆ.

ಬೇರಿಗೆ ಎನಾಮೆಲ್ ಕವಚ ಇಲ್ಲ. ಹಾಗಾಗಿ ಬಯಲಾದ ಬೇರು ಸವೆಯುತ್ತದೆ, ಹುಳುಕೂ ಬೇಗ ಹಿಡಿಯುತ್ತದೆ. ಹಲ್ಲಿನ ಕುತ್ತಿಗೆಯಲ್ಲಿ ಕೊಡಲಿಯಲ್ಲಿ ಕಚ್ಚು ಮಾಡಿದ ಹಾಗೆ ತೋಡು ಬಿದ್ದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ಹಾಕುತ್ತಾರೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಒಂದೇ ಸಲಕ್ಕೆ ಮನೆಗೆ ಬರಬಹುದು. ಆದರೆ ಇದರಿಂದ ವಸಡಿಗೆ ಏನೂ ಸಿಗಲಿಲ್ಲ. ಅದು ತೆಳ್ಳಗಿತ್ತು, ತೆಳ್ಳಗೇ ಇದೆ. ಹಲ್ಲು ಉದ್ದ ಕಾಣುವುದೂ ತಪ್ಪುವುದಿಲ್ಲ. ಕುತ್ತಿಗೆಯ ಫಿಲ್ಲಿಂಗ್ ಕೆಲವು ವರ್ಷಕ್ಕೆ ಕಳಚಿಕೊಳ್ಳುವುದೂ ಉಂಟು.

ಇವೆರಡರಲ್ಲಿ ಯಾವುದು ಮೊದಲು ಅನ್ನುವುದನ್ನು ಕೇಳಿಯೇ ಮುಂದುವರಿಯಿರಿ. ಮುಂದೆ ಕಸಿ ಮಾಡಿಸುವ ಯೋಚನೆ ಇದ್ದರೆ, ಕಸಿಯ ವಸಡು ಎಲ್ಲಿವರೆಗೆ ಬರಬಹುದು ಅಂತ ಲೆಕ್ಕ ಹಾಕಿ ಅಲ್ಲಿವರೆಗೆ ಮಾತ್ರ ಫಿಲ್ಲಿಂಗ್ ಮಾಡುತ್ತಾರೆ. ತೋಡು ಆಳವಾಗಿದ್ದರೆ ಎರಡೂ ಬೇಕಾಗುತ್ತದೆ. ಬೇರನ್ನೆಲ್ಲ ಫಿಲ್ಲಿಂಗಿನಿಂದ ಮುಚ್ಚಿಬಿಟ್ಟು ಆಮೇಲೆ ಕಸಿಗೆ ಹೋದರೆ ಕೆಲಸ ಕಷ್ಟವಾಗುತ್ತದೆ.

ಅಂಗುಳದ ಕಸಿ: ಮೇಲ್ಪದರವಾ, ಒಳಪದರವಾ?

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಏಕೆಂದರೆ ನಿಜವಾದ ಆಯ್ಕೆ ಇರುವುದು ಇಲ್ಲೇ.

ಗಿಡಕ್ಕೆ ಕಸಿ ಕಟ್ಟುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಕೊಂಬೆಯ ಹಸಿ ಕಾಂಡಕ್ಕೆ ಬುಡದ ಹಸಿ ಕಾಂಡ ಕೂಡಬೇಕು, ಆಗಲೇ ರಸ ಹರಿಯುವುದು. ವಸಡಿನಲ್ಲೂ ಅಷ್ಟೇ. ತಂದು ಇಟ್ಟ ತುಂಡು ಮೊದಲೆರಡು ದಿನ ಸುತ್ತಲಿನ ಗಾಯದ ದ್ರವದಲ್ಲೇ ಜೀವ ಹಿಡಿದಿರುತ್ತದೆ. ಆಮೇಲೆ ಸಣ್ಣ ರಕ್ತನಾಳಗಳು ಅದರೊಳಗೆ ಬೆಳೆಯುತ್ತವೆ. ತೊಡಕೇನೆಂದರೆ, ಬೇರಿಗೆ ರಕ್ತವೇ ಇಲ್ಲ. ಬೇರಿನ ಮೇಲೆ ಕೂತ ಭಾಗಕ್ಕೆ ಪಕ್ಕದಿಂದ ಇಲ್ಲವೇ ಮೇಲಿನಿಂದ ರಕ್ತ ಬರಬೇಕು. ಯಾವ ಕಸಿ ಎಲ್ಲಿ ಗೆಲ್ಲುತ್ತದೆ ಅನ್ನುವುದೆಲ್ಲ ಈ ರಕ್ತದ ಲೆಕ್ಕವೇ.

ಮೇಲ್ಪದರದ ಕಸಿ ಹಳೆಯದು, 1960ರ ದಶಕದಲ್ಲಿ ಬಂದದ್ದು. ಅಂಗುಳದಿಂದ ಚರ್ಮದ ಮೇಲ್ಪದರ ಸಮೇತ ಒಂದು ತೆಳು ತುಂಡು ತೆಗೆದು, ಹಲ್ಲಿನ ಬುಡದಲ್ಲಿ ಹಸಿ ಮಾಡಿದ ಜಾಗಕ್ಕೆ ಹೊಲಿಯುತ್ತಾರೆ. ಮೇಲೆ ಬೇರೆ ಹೊದಿಕೆ ಇಲ್ಲ. ಹಾಗಾಗಿ ರಕ್ತ ಸಿಗುವುದು ಅಡಿಯಿಂದ ಮತ್ತು ಅಂಚಿನಿಂದ ಮಾತ್ರ. ಅಗಲವಾದ ಬೇರಿನ ಮೇಲೆ ಇದು ಸೋಲುವ ಸಂಭವ ಜಾಸ್ತಿ. ಗುಣವಾಗುತ್ತಾ ತುಂಡು ಸ್ವಲ್ಪ ಕುಗ್ಗುತ್ತದೆ. ಎಲ್ಲಕ್ಕಿಂತ ಮುಖ್ಯ, ಅಂಗುಳದ ಚರ್ಮ ಎಲ್ಲಿ ಹೋದರೂ ಅಂಗುಳದ ಬಣ್ಣದಲ್ಲೇ ಉಳಿಯುತ್ತದೆ. ಅಂಗಿಗೆ ಹಾಕಿದ ತೇಪೆಯ ಹಾಗೆ ಪೇಲವವಾಗಿ ಎದ್ದು ಕಾಣುತ್ತದೆ. ಅಂಗುಳದ ಗಾಯವೂ ತೆರೆದೇ ಇರುವುದರಿಂದ ನೋವು ಜಾಸ್ತಿ.

ಇಷ್ಟೆಲ್ಲ ಕೇಳಿದರೆ ಯಾಕಾದರೂ ಮಾಡುತ್ತಾರೆ ಅನಿಸುತ್ತದೆ, ಅಲ್ವಾ? ಕೆಳಗಿನ ಮುಂಹಲ್ಲುಗಳನ್ನು ನೋಡಿ. ಗಟ್ಟಿ ವಸಡು ಹೋಗಿದೆ, ತುಟಿಗೂ ವಸಡಿಗೂ ನಡುವಿನ ತೆಳು ಪೊರೆ ಪ್ರತಿ ಮಾತಿಗೂ ಅಂಚನ್ನು ಎಳೆಯುತ್ತಿದೆ, ಒಳಗಡೆ ಜಾಗವೂ ಇಕ್ಕಟ್ಟು. ಅಲ್ಲಿ ಬೇಕಿರುವುದು ಚೆಂದವಲ್ಲ, ಗಟ್ಟಿತನ. ಕೆಳತುಟಿ ಮುಚ್ಚಿಕೊಂಡಿರುವುದರಿಂದ ತೇಪೆ ಯಾರಿಗೂ ಕಾಣುವುದಿಲ್ಲ. ಆ ಕೆಲಸಕ್ಕೆ ಇಂದಿಗೂ ಇದೇ ಸರಿ. ಒಂದು ಚಿಕ್ಕ ಲಾಭವೂ ಇದೆ. ಕೆಲವರಲ್ಲಿ ಕಸಿಯಾದ ವಸಡು ತಿಂಗಳುಗಟ್ಟಲೆ, ವರ್ಷಗಟ್ಟಲೆ ತಾನೇ ಒಂದಿಷ್ಟು ಬೇರಿನ ಮೇಲೆ ತೆವಳಿ ಬರುತ್ತದೆ.

ಒಳಪದರದ ಕಸಿ ಬೇರೆ ಥರ. 1985ರಲ್ಲಿ ಲ್ಯಾಂಗರ್ ಮತ್ತು ಲ್ಯಾಂಗರ್ ಬರೆದ ಲೇಖನದಿಂದ ಇದು ಹೆಸರಾಯಿತು. ಅಂಗುಳದಲ್ಲಿ ಸಣ್ಣ ಬಾಗಿಲು ತೆರೆದ ಹಾಗೆ ಮಾಡಿ, ಮೇಲ್ಪದರವನ್ನು ಅಲ್ಲೇ ಬಿಟ್ಟು ಒಳಗಿನ ನಾರಿನ ಪದರ ಮಾತ್ರ ತೆಗೆಯುತ್ತಾರೆ. ಬಾಗಿಲು ಮುಚ್ಚಿ ಹೊಲಿಯುತ್ತಾರೆ. ತೆಗೆದ ತುಂಡನ್ನು ಬೇರಿನ ಮೇಲಿಟ್ಟು, ಅಲ್ಲಿನ ವಸಡನ್ನೇ ಬಿಡಿಸಿ ಎಳೆದು ಅದರ ಮೇಲೆ ಹೊದಿಸುತ್ತಾರೆ. ಈಗ ತುಂಡಿಗೆ ಅಡಿಯಿಂದಲೂ ರಕ್ತ, ಮೇಲಿನಿಂದಲೂ ರಕ್ತ. ಬಣ್ಣವೂ ಹೊಂದುತ್ತದೆ, ಏಕೆಂದರೆ ಮೇಲೆ ಕಾಣುವುದು ಅಲ್ಲಿಯದೇ ವಸಡು. ಬೇರು ಮುಚ್ಚುವುದೇ ಗುರಿಯಾದರೆ ಉಳಿದ ವಿಧಾನಗಳನ್ನೆಲ್ಲ ಅಳೆಯುವುದು ಇದರ ಪಕ್ಕದಲ್ಲಿಟ್ಟೇ. ನನ್ನ ಕೋರೆಹಲ್ಲಿಗೆ ಆದದ್ದು ಇದೇ. ತೊಂದರೆ ಇಲ್ಲವೆಂದಲ್ಲ. ಅಂಗುಳ ತೆಳ್ಳಗಿರುವವರಿಗೆ ಒಳಪದರ ಸಾಕಷ್ಟು ಸಿಗುವುದಿಲ್ಲ. ಒಂದೇ ಸಲಕ್ಕೆ ಆರೇಳು ಹಲ್ಲಿಗೆ ಬೇಕೆಂದರೆ ಅಂಗುಳ ಎಲ್ಲಿಂದ ತರಬೇಕು?

ಅಂಗುಳ ಮುಟ್ಟದೆ ಆಗುವ ದಾರಿಗಳು

ಸರಿದ ಜಾಗದ ಕೆಳಗೆ ಉಳಿದ ವಸಡು ಒಳ್ಳೆ ದಪ್ಪಗಿದ್ದರೆ ಏನೂ ತರುವುದೇ ಬೇಡ. ಅದನ್ನೇ ಬಿಡಿಸಿ ಎಳೆದು ಹಲ್ಲಿನ ಕಡೆ ಹೊಲಿದರೆ ಆಯಿತು. ಸುಮಾರು 0.8 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಫಲ ಚೆನ್ನಾಗಿರುತ್ತದೆ. ತೆಳು ವಸಡನ್ನು ಬರೀ ಎಳೆದು ಹೊಲಿದರೆ ಕಾಲ ಕಳೆದಂತೆ ಮತ್ತೆ ಸರಿಯುವ ಭಯ ಇರುತ್ತದೆ. ಪಕ್ಕದ ಹಲ್ಲಿನ ವಸಡು ಧಾರಾಳವಾಗಿದ್ದರೆ ಅದನ್ನು ಬದಿಗೆ ಸರಿಸಿ ಮುಚ್ಚುವ ಹಳೇ ವಿಧಾನವೂ ಇದೆ, 1956ರಿಂದ. ಆದರೆ ಸಾಲ ಕೊಟ್ಟ ಹಲ್ಲಿಗೇ ಕೊರತೆ ಬೀಳಬಾರದು.

ಇನ್ನೊಂದು, ಬದಲಿ ತುಂಡು. ದಾನಿಗಳ ಚರ್ಮದಿಂದ ಜೀವಕೋಶಗಳನ್ನೆಲ್ಲ ತೆಗೆದು ಮಾಡಿದ ಹಾಳೆ ಇದೆ, ಹಂದಿಯ ಕೊಲಾಜೆನ್‌ನಿಂದ (ಚರ್ಮಕ್ಕೆ ಗಟ್ಟಿತನ ಕೊಡುವ ನಾರಿನಂಥ ಪ್ರೋಟೀನು) ಮಾಡಿದ ಹಾಳೆ ಇದೆ. ಬೇರಿಗೆ ಹಚ್ಚುವ ಒಂದು ಜೆಲ್ ಕೂಡ ಹಂದಿಯ ಎಳೆ ಹಲ್ಲಿನ ಪ್ರೋಟೀನಿನಿಂದ ಆದದ್ದು. ಮತದ ಕಾರಣಕ್ಕೋ, ಮನಸ್ಸು ಒಪ್ಪದ ಕಾರಣಕ್ಕೋ ಇದು ಬೇಡ ಅನ್ನುವವರು ಮೊದಲೇ ಬಾಯಿಬಿಟ್ಟು ಕೇಳಬೇಕು. "ಕೊಲಾಜೆನ್ ಹಾಕ್ತೀವಿ" ಅಂದರೆ ಎಲ್ಲಿಯದು ಅಂತ ಗೊತ್ತಾಗುವುದಿಲ್ಲವಲ್ಲ. ಈ ಹಾಳೆಗಳ ದೊಡ್ಡ ಅನುಕೂಲ ಅಂದರೆ ಎರಡನೇ ಗಾಯ ಇಲ್ಲ, ಎಷ್ಟು ಹಲ್ಲಿಗೆ ಬೇಕಾದರೂ ಸಿಗುತ್ತದೆ. ಬೇರು ಮುಚ್ಚುವುದರಲ್ಲೂ ಒಳ್ಳೆಯ ಫಲ ಕೊಡುತ್ತವೆ. ಆದರೆ ಒಟ್ಟಾರೆ ನೋಡಿದರೆ ಸ್ವಂತ ಅಂಗುಳದ ತುಂಡು ಕೊಡುವಷ್ಟು ದಪ್ಪ, ಅಷ್ಟು ಗಟ್ಟಿ ವಸಡು ಇವುಗಳಿಂದ ಬರುವುದಿಲ್ಲ.

ಈಗ ಜಾಹೀರಾತಿನಲ್ಲಿ ಹೆಚ್ಚು ಕಾಣುವುದು ಸೂಜಿರಂಧ್ರದ ವಿಧಾನ. ಜಾನ್ ಚಾವೊ ಎಂಬ ದಂತವೈದ್ಯರು 2012ರಲ್ಲಿ ಇದರ ವರದಿ ಪ್ರಕಟಿಸಿದರು. ವಸಡಿನ ಮೇಲಿನ ಮೆತ್ತಗಿನ ಚರ್ಮದಲ್ಲಿ ಸಣ್ಣ ತೂತು ಮಾಡಿ, ಅದರೊಳಗಿಂದ ವಸಡನ್ನು ಬಿಡಿಸಿ ಹಲ್ಲಿನ ಕಡೆಗೆ ಜಾರಿಸಿ, ನಿಲ್ಲಲಿ ಅಂತ ಕೊಲಾಜೆನ್ ಪಟ್ಟಿಗಳನ್ನು ತುರುಕುತ್ತಾರೆ. ಒಂದೇ ಸಲಕ್ಕೆ ಹಲವು ಹಲ್ಲು ಆಗುತ್ತದೆ, ಅಂಗುಳ ಸುರಕ್ಷಿತ. ನನ್ನ ಅಭಿಪ್ರಾಯ ಕೇಳಿದರೆ, "ಕೊಯ್ಯೋದೇ ಇಲ್ಲ" ಅನ್ನುವ ಮಾತಿಗೆ ಮರುಳಾಗಬೇಡಿ. ಒಳಗೆ ವಸಡನ್ನು ಬಿಡಿಸುವುದು ಬಿಡಿಸುವುದೇ. ಒಳಪದರದ ಕಸಿಗೆ ಇರುವಷ್ಟು ದೀರ್ಘ ಕಾಲದ ದಾಖಲೆ ಇದಕ್ಕಿನ್ನೂ ಇಲ್ಲ. ಇದಕ್ಕೆ ಹತ್ತಿರದ ಸುರಂಗ ವಿಧಾನ ನನಗೆ ಹೆಚ್ಚು ಹಿಡಿಸಿತು. ಹಲ್ಲುಗಳ ನಡುವಿನ ವಸಡಿನ ತುದಿ ಕತ್ತರಿಸದೆ, ಅಂಚಿನಿಂದಲೇ ಒಳಗೆ ಸುರಂಗ ತೋಡಿ, ಅದರಲ್ಲಿ ಅಂಗುಳದ ತುಂಡನ್ನೋ ಹಾಳೆಯನ್ನೋ ಎಳೆದು ಕೂರಿಸುತ್ತಾರೆ. ಅಕ್ಕಪಕ್ಕ ಮೂರು ನಾಲ್ಕು ಹಲ್ಲಿದ್ದರೆ ಇದು ಚೆನ್ನ. ಕಲೆಯೂ ಕಡಿಮೆ.

ಹೀಗೆ ಎಷ್ಟೇ ಹೆಸರುಗಳಿದ್ದರೂ ಒಂದು ಮಾತು: ಡಾಕ್ಟರು ಯಾವುದನ್ನು ಹೆಚ್ಚು ಸಲ ಮಾಡಿದ್ದಾರೋ ಅದು ಅವರ ಕೈಯಲ್ಲಿ ಚೆನ್ನಾಗಿ ಬರುತ್ತದೆ. ಅದನ್ನು ಕೇಳಲು ಸಂಕೋಚ ಬೇಡ. "ನನ್ನಂಥ ಹಲ್ಲಿಗೆ ನೀವು ಮಾಡಿದ ಫೋಟೋ ಇದೆಯಾ ಮೇಡಂ, ಒಂದು ವರ್ಷ ಆದ ಮೇಲಿನದು?" ಅಂತ ಕೇಳಿದೆ. ಅವರು ಬೇಸರಿಸಲಿಲ್ಲ. ಕಂಪ್ಯೂಟರ್ ತಿರುಗಿಸಿ ನಾಲ್ಕು ತೋರಿಸಿದರು, ಅದರಲ್ಲಿ ಒಂದು ಪೂರ್ತಿ ಮುಚ್ಚದೇ ಉಳಿದದ್ದು. ನಾನು ಒಪ್ಪಿದ್ದು ಆ ಒಂದನ್ನು ನೋಡಿ.

ಮಾಡಿಸಿದ ಮೇಲೆ

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಮಾಡುವುದರಿಂದ ಕುರ್ಚಿಯಲ್ಲಿ ಕೂತಾಗ ನೋವಿಲ್ಲ. ಕಷ್ಟ ಆಮೇಲೆ. ಕಸಿ ಮಾಡಿದ ಜಾಗಕ್ಕಿಂತ ತೆಗೆದ ಜಾಗವೇ ಜಾಸ್ತಿ ನೋಯುತ್ತದೆ ಅಂತ ಯಾರೋ ಹೇಳಿದ್ದನ್ನು ನಂಬಿರಲಿಲ್ಲ, ಆ ರಾತ್ರಿ ನಂಬಿದೆ. ಅಂಗುಳಕ್ಕೆ ಮುಚ್ಚಳದ ಥರ ಪ್ಲಾಸ್ಟಿಕ್ ತಟ್ಟೆ ಮಾಡಿಕೊಡುತ್ತಾರಾ ಕೇಳಿ. ಮೇಲ್ಪದರ ತೆಗೆಸಿಕೊಳ್ಳುವವರಂತೂ ಕೇಳಲೇಬೇಕು. ಅಂಗುಳದಿಂದ ರಕ್ತ ಬಂದರೆ ಒದ್ದೆ ಮಾಡಿದ ಗಾಜ್ ಬಟ್ಟೆಯನ್ನು ಬೆರಳಿನಿಂದ ಹದಿನೈದು ಇಪ್ಪತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ ಫೋನ್ ಮಾಡಬೇಕು. ಪದೇ ಪದೇ ಉಗುಳಬಾರದು.

ಸುಮಾರು ಎರಡು ವಾರ ಆ ಜಾಗಕ್ಕೆ ಬ್ರಷ್ ಇಲ್ಲ. ಕ್ಲೋರ್‌ಹೆಕ್ಸಿಡಿನ್ ದ್ರವದಲ್ಲಿ ಮೆಲ್ಲಗೆ ಬಾಯಿ ತೊಳೆಯಬೇಕು. ಅದರಿಂದ ಹಲ್ಲಿಗೆ ಕಂದು ಕಲೆ ಕಟ್ಟುತ್ತದೆ, ಆಮೇಲೆ ಕ್ಲೀನ್ ಮಾಡಿದರೆ ಹೋಗುತ್ತದೆ. ಹೊಲಿಗೆ ಬಿಚ್ಚುವುದು ಹತ್ತು ಹದಿನಾಲ್ಕು ದಿನಕ್ಕೆ. ಮೊದಲ ವಾರ ಕಸಿಯ ಮೇಲೆ ಬೆಳ್ಳಗೆ ಪೊರೆ ಕಂಡು, ಕೊಳೆಯಿತು ಅಂದುಕೊಂಡು ಹೆದರಿದ್ದೆ. ಅದು ಮಾಮೂಲು. ಎಲ್ಲಕ್ಕಿಂತ ಕಷ್ಟವಾದ ನಿಯಮ ಅಂದರೆ ತುಟಿ ಎಳೆದು ಕನ್ನಡಿಯಲ್ಲಿ ನೋಡಬಾರದು. ದಿನಕ್ಕೆ ಹತ್ತು ಸಲ ಕೈ ಹೋಗುತ್ತದೆ. ಹಾಗೆ ಎಳೆದಾಗಲೆಲ್ಲ ಕೆಳಗಿನ ತುಂಡು ಅಲುಗುತ್ತದೆ, ಆಗಷ್ಟೇ ಹುಟ್ಟುತ್ತಿರುವ ರಕ್ತನಾಳ ಹರಿಯುತ್ತದೆ. ನಾನು ಬಚ್ಚಲಿನ ಕನ್ನಡಿಗೆ ಟವೆಲ್ ಹೊದಿಸಿಬಿಟ್ಟೆ.

ಸಿಗರೇಟು, ಬೀಡಿ ಸೇದುವವರಲ್ಲಿ ಬೇರು ಮುಚ್ಚುವುದು ಕಡಿಮೆ, ಇದು ಚೆನ್ನಾಗಿ ಗೊತ್ತಿರುವ ವಿಷಯ. ಬಿಡಲಾಗದಿದ್ದರೆ ಕಸಿ ಮುಂದೂಡುವುದೇ ವಾಸಿ. ಸಕ್ಕರೆ ಕಾಯಿಲೆ ಹತೋಟಿಗೆ ಬರಬೇಕು. ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಅದನ್ನು ತಾವಾಗಿ ನಿಲ್ಲಿಸಬಾರದು, ಎರಡೂ ಡಾಕ್ಟರು ಮಾತಾಡಿಕೊಳ್ಳಲಿ. ಕ್ಲಿಪ್ ಹಾಕಿಸುವವರಿದ್ದರೆ ಹಲ್ಲು ಯಾವ ಕಡೆ ಸರಿಯುತ್ತದೆ ಅಂತ ಕೇಳಿ. ತೆಳು ವಸಡಿನ ಹಲ್ಲು ಹೊರಗೆ ಬರುವುದಾದರೆ ಕಸಿ ಮೊದಲು. ಹೊರಗಿದ್ದ ಹಲ್ಲು ಒಳಗೆ ಹೋಗುವುದಾದರೆ ಕಾದು ನೋಡಬಹುದು.

ಈಗ ನನಗೆ ಯಾರಾದರೂ ಕೇಳಿದರೆ ಹೀಗೆ ಹೇಳುತ್ತೇನೆ. ನಗುವಾಗ ಕಾಣುವ ಒಂದೆರಡು ಹಲ್ಲು, ವಸಡು ತೆಳು, ನಡುವಿನ ಮೂಳೆ ಚೆನ್ನಾಗಿದೆ: ಒಳಪದರದ ಕಸಿ. ಅಕ್ಕಪಕ್ಕ ಹಲವು ಹಲ್ಲು: ಸುರಂಗ, ಅಂಗುಳ ಸಾಲದಿದ್ದರೆ ಹಾಳೆ. ಕೆಳಗಿನ ಮುಂಹಲ್ಲಿಗೆ ಗಟ್ಟಿ ವಸಡೇ ಇಲ್ಲ: ಮೇಲ್ಪದರ, ಬಣ್ಣದ ಚಿಂತೆ ಬಿಡಿ. ಹಿಂದಿನ ಹಲ್ಲು, ಜುಮ್ ಅನ್ನುವುದಿಲ್ಲ, ಅಳತೆಯೂ ಬದಲಾಗಿಲ್ಲ: ಮೆತ್ತಗಿನ ಬ್ರಷ್ ತಗೊಳ್ಳಿ, ಕಸಿಯ ಮಾತು ಸದ್ಯಕ್ಕೆ ಬೇಡ.

ನನ್ನ ಹಲ್ಲಿನಲ್ಲಿ 3 ಮಿಲಿಮೀಟರ್ ಬೇರು ಕಾಣುತ್ತಿತ್ತು. ಈಗ ಕಾಣುವುದು ಅರ್ಧ ಮಿಲಿಮೀಟರ್. ತಣ್ಣೀರು ಕುಡಿದರೆ ಏನೂ ಆಗುವುದಿಲ್ಲ. ಆ ಕಡೆಯ ಕೋರೆಹಲ್ಲಲ್ಲೂ ವಸಡು 1 ಮಿಲಿಮೀಟರ್ ಸರಿದಿದೆ. ಇದಕ್ಕೂ ಮಾಡಿಬಿಡೋಣವಾ ಅಂತ ನಾನೇ ಕೇಳಿದೆ. ಮೇಡಂ ಕಡ್ಡಿಯಲ್ಲಿ ಅಳೆದು ಹಳೇ ಚೀಟಿ ನೋಡಿದರು. "ಎರಡು ವರ್ಷದಿಂದ ಇಲ್ಲೇ ಇದೆ. ಮುಂದಿನ ಸಲ ಮತ್ತೆ ಅಳೆಯೋಣ" ಅಂದರು.